ಅರ್ಧ ಎಂದರೆ ಯಾವ ಅರ್ಧ?

ಕಳೆದ ಸಂಚಿಕೆಯಲ್ಲಿ ರಕ್ತಪರೀಕ್ಷೆಗಳ ಬಗ್ಗೆ ಉತ್ತರಿಸುವಾಗ ಒಂದು ಮಾತು ಬರೆದಿದ್ದೆ: ನಮ್ಮ ದೇಹದ ಜೀವಕೋಶಗಳಲ್ಲಿ 46 ವರ್ಣತಂತುಗಳಿದ್ದರೆ (ಅಪ್ಪ ಅಮ್ಮನಿಂದ ಬಂದ ಡಿಎನ್‌ಎಯನ್ನು ಹೊತ್ತಿರುವ ಕ್ರೋಮೋಸೋಮ್‌ಗಳು) ಅಂಡಾಣು, ವೀರ್ಯಾಣುಗಳಲ್ಲಿ 23 ಮಾತ್ರ ಇರುತ್ತವೆ ಎಂದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದು ಕೇಳಿದವು. ನನಗೆ ಸಂತೋಷವಾಯಿತು. ಮೂವತ್ತು ವರ್ಷ ವರ್ಣತಂತು ಪರೀಕ್ಷೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ನಾನು ಮಾಡಿದ್ದು ಇದೇ ಎಣಿಕೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಇವತ್ತು ಇದಕ್ಕೇ ಪೂರ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು ಹತ್ತನೇ ತರಗತಿ ವಿದ್ಯಾರ್ಥಿನಿ. 46ರ ಅರ್ಧ 23 ಎನ್ನುವುದು ಗೊತ್ತಾಯಿತು. ಆದರೆ ಯಾಕೆ ಅರ್ಧ ಆಗಬೇಕು? ಯಾವ ಅರ್ಧ ಹೋಗುತ್ತೆ, ಯಾವ ಅರ್ಧ ಉಳಿಯುತ್ತೆ?

ಉತ್ತರ: ಮಗಳೇ, ನಿನ್ನ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಮೊದಲನೆಯದನ್ನು ಬೇಗ ಮುಗಿಸೋಣ.

ಅಂಡಾಣು, ವೀರ್ಯಾಣು ಎರಡೂ ಸೇರಿ ಒಂದು ಜೀವಕೋಶವಾಗುತ್ತದೆ. ಎರಡರಲ್ಲೂ 46 ಇದ್ದಿದ್ದರೆ ಮಗುವಿಗೆ 92, ಮೊಮ್ಮಗುವಿಗೆ 184. ಹೀಗೇ ಹೋದರೆ ಹತ್ತನೇ ತಲೆಮಾರಿಗೆ ಒಂದೊಂದು ಜೀವಕೋಶದಲ್ಲಿ 47,104 ವರ್ಣತಂತು! ಸೂಕ್ಷ್ಮದರ್ಶಕದಲ್ಲಿ ಇದನ್ನೆಲ್ಲ ಸರಿಯಾಗಿ ಕಾಣುವ ಮೊದಲೇ, 1887ರಲ್ಲಿ, ಜರ್ಮನಿಯ ಆಗಸ್ಟ್ ವೈಸ್‌ಮನ್ ಬರೇ ತರ್ಕದಿಂದ ಹೇಳಿದ: ಎಲ್ಲೋ ಒಂದು ಕಡೆ ಸಂಖ್ಯೆ ಇಳಿಸುವ ವಿಭಜನೆ ನಡೆಯಲೇಬೇಕು ಎಂದು. ಅದಕ್ಕೂ ನಾಲ್ಕು ವರ್ಷ ಮೊದಲು ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ ಕುದುರೆಯ ಕರುಳಿನ ಜಂತುಹುಳುವಿನಲ್ಲಿ ಅದರ ಗುರುತು ಕಂಡಿದ್ದ. ಆ ಹುಳುವಿನ ಮೊಟ್ಟೆ ಫಲಿತವಾದಾಗ ತಾಯಿಯ ಕಡೆಯಿಂದ ಎರಡು, ತಂದೆಯ ಕಡೆಯಿಂದ ಎರಡು, ಒಟ್ಟು ನಾಲ್ಕೇ ವರ್ಣತಂತು. ಇಷ್ಟು ಕಡಿಮೆ ಇದ್ದಿದ್ದರಿಂದಲೇ ಅವನ ಕಣ್ಣಿಗೆ ಅದು ಸ್ಪಷ್ಟವಾಗಿ ಬಿತ್ತು. ಸಂಖ್ಯೆ ಇಳಿಸುವ ಈ ವಿಭಜನೆಗೆ ಮಿಯಾಸಿಸ್ ಎಂಬ ಹೆಸರು ಬಂದಿದ್ದು 1905ರಲ್ಲಿ. ಗ್ರೀಕ್‌ನಲ್ಲಿ ಆ ಮಾತಿಗೆ ಕಡಿಮೆಯಾಗುವುದು ಎಂದೇ ಅರ್ಥ.

ಇನ್ನು ಯಾವ ಅರ್ಧ? ಇದನ್ನು ನನ್ನ ಮೇಜಿನ ಮೇಲಿನ ಕೆಲಸದಿಂದಲೇ ಹೇಳುತ್ತೇನೆ. ಕಂಪ್ಯೂಟರ್ ಬರುವ ಮೊದಲು ನಾವು ಒಂದು ಜೀವಕೋಶದ ಫೋಟೋ ತೆಗೆದು, ಡಾರ್ಕ್‌ರೂಮಿನಲ್ಲಿ ತೊಳೆದು, ದೊಡ್ಡದಾಗಿ ಪ್ರಿಂಟ್ ಹಾಕಿ, ಅದರಲ್ಲಿನ ಒಂದೊಂದು ವರ್ಣತಂತುವನ್ನೂ ಚಿಕ್ಕ ಕತ್ತರಿಯಿಂದ ಕತ್ತರಿಸುತ್ತಿದ್ದೆವು. ಮೇಜಿನ ಮೇಲೆ 46 ಚೂರು. ಫ್ಯಾನ್ ಹಾಕುವ ಹಾಗಿಲ್ಲ. ಆಮೇಲೆ ಉದ್ದ ನೋಡಿ, ಸೊಂಟ ಎಲ್ಲಿದೆ ನೋಡಿ, ಮೈಮೇಲಿನ ಪಟ್ಟೆ ನೋಡಿ, ಒಂದಕ್ಕೊಂದು ಹೊಂದುವುದನ್ನು ಹುಡುಕಿ ಜೋಡಿ ಮಾಡಿ ಹಾಳೆಗೆ ಅಂಟಿಸುವುದು. ದೊಡ್ಡದು 1ನೇ ಜೋಡಿ, ಹಾಗೇ ಇಳಿಯುತ್ತಾ 22ನೇ ಜೋಡಿ, ಕೊನೆಗೆ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಎಕ್ಸ್, ವೈ (ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ). ಪ್ರತಿ ಜೋಡಿಯಲ್ಲೂ ಒಂದು ಅಮ್ಮನಿಂದ ಬಂದಿದ್ದು, ಒಂದು ಅಪ್ಪನಿಂದ ಬಂದಿದ್ದು. ನೋಡಿದರೆ ಯಾವುದು ಯಾರದು ಅಂತ ಗೊತ್ತಾಗುವುದಿಲ್ಲ.

ಈಗ ಆ ಹಾಳೆಯಿಂದ 23 ಚೂರು ತೆಗಿ ಅಂದರೆ ಎರಡು ದಾರಿ ಇವೆ. ಕಣ್ಣು ಮುಚ್ಚಿ ಯಾವುದಾದರೂ 23 ಎತ್ತಿಕೊಂಡರೂ ಅರ್ಧವೇ. ಹಾಗೆ ಎತ್ತಿದರೆ 1ನೇ ನಂಬರಿನವು ಎರಡೂ ಬಂದು, 7ನೇದು ಒಂದೂ ಬಾರದೆ ಹೋಗಬಹುದು. ಅಂಥ ಅರ್ಧದಿಂದ ಮಗು ಹುಟ್ಟುವುದಿಲ್ಲ. ಮಿಯಾಸಿಸ್ ಮಾಡುವುದು ಇನ್ನೊಂದು ದಾರಿ: ಪ್ರತಿ ಜೋಡಿಯಿಂದಲೂ ತಪ್ಪದೆ ಒಂದೊಂದು. ಹಾಗಾಗಿ 23 ಎಂದರೆ 46ರ ಅರ್ಧ ಅನ್ನುವುದಕ್ಕಿಂತ, ಒಂದರಿಂದ ಇಪ್ಪತ್ತೆರಡರ ತನಕ ಎಲ್ಲ ನಂಬರೂ ಒಂದೊಂದು ಇರುವ, ಜೊತೆಗೆ ಒಂದು ಎಕ್ಸ್ ಅಥವಾ ವೈ ಇರುವ ಒಂದು ಪೂರ್ತಿ ಸೆಟ್. ದೇಹಕೋಶದಲ್ಲಿ ಅಂಥ ಎರಡು ಸೆಟ್, ಲಿಂಗಾಣುವಿನಲ್ಲಿ (ಅಂದರೆ ಅಂಡಾಣು ಅಥವಾ ವೀರ್ಯಾಣುವಿನಲ್ಲಿ) ಒಂದು ಸೆಟ್. ಪರೀಕ್ಷೆಯಲ್ಲಿ ಅರ್ಧ ಅಂತ ಬರೆದರೆ ತಪ್ಪಲ್ಲ. ಆದರೆ ಮನಸ್ಸಿನಲ್ಲಿ "ಪ್ರತಿ ಜೋಡಿಯಿಂದ ಒಂದು" ಅಂತ ಬರೆದುಕೋ. ಈ ಪುಟದಲ್ಲಿ ಮುಂದೆ ಬರುವ ಎಲ್ಲ ಉತ್ತರಕ್ಕೂ ಅದೇ ಬೇಕು.

ಪ್ರಶ್ನೆ: ಮಿಯಾಸಿಸ್‌ನಲ್ಲಿ ಎರಡು ವಿಭಜನೆ ಇವೆ. ಮೊದಲನೆಯದು ಮುಗಿದಾಗಲೇ 23 ಆಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಹಾಗಿದ್ದರೆ ಎರಡನೆಯದು ಯಾತಕ್ಕೆ? ಅದಾದ ಮೇಲೆ ಹನ್ನೊಂದೂವರೆ ಆಗಬೇಕಲ್ಲವೇ? (ಶಿಕ್ಷಕರಾಗಲು ಓದುತ್ತಿರುವ ಓದುಗರು)

ಉತ್ತರ: ನೀವು ಪಾಠ ಮಾಡಲು ನಿಂತಾಗ ಈ ಪ್ರಶ್ನೆ ಖಂಡಿತ ಬರುತ್ತದೆ, ಆದ್ದರಿಂದ ಈಗಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಗೊಂದಲ ಇರುವುದು ಎಣಿಸುವ ರೀತಿಯಲ್ಲಿ.

ವಿಭಜನೆ ಶುರುವಾಗುವ ಮೊದಲು ಜೀವಕೋಶ ತನ್ನ ಡಿಎನ್‌ಎ ಎಲ್ಲವನ್ನೂ ಒಂದು ಸಲ ನಕಲು ಮಾಡಿಕೊಳ್ಳುತ್ತದೆ. ಆಗ ಒಂದೊಂದು ವರ್ಣತಂತುವಿಗೂ ಎರಡೆರಡು ಅವಳಿ ಎಳೆಗಳು. ಪಠ್ಯಪುಸ್ತಕದಲ್ಲಿ ಇವನ್ನು ಕ್ರೊಮ್ಯಾಟಿಡ್ ಅನ್ನುತ್ತಾರೆ. ಈ ಎರಡು ಎಳೆಗಳು ಒಂದು ಕಡೆ ಕಟ್ಟು ಹಾಕಿದ ಹಾಗೆ ಸೇರಿಕೊಂಡಿರುತ್ತವೆ. ಅದೇ ಸೆಂಟ್ರೋಮಿಯರ್, ನಾನು ಮೇಲೆ ಸೊಂಟ ಅಂದಿದ್ದು. ನಾನು ಹೊಸಬರಿಗೆ ಕಲಿಸುವಾಗ ಹೇಳುತ್ತಿದ್ದದ್ದು ಒಂದೇ ಮಾತು: ಎಳೆ ಎಣಿಸಬೇಡಿ, ಸೊಂಟ ಎಣಿಸಿ. ಸೊಂಟ ಎಷ್ಟೋ ವರ್ಣತಂತು ಅಷ್ಟು.

ಈಗ ನೋಡಿ. ಶುರುವಿನಲ್ಲಿ 46 ಸೊಂಟ, 92 ಎಳೆ. ಮೊದಲ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗುತ್ತವೆ, ಸೊಂಟ ಬಿಚ್ಚುವುದಿಲ್ಲ. ಆದ್ದರಿಂದ ಒಂದೊಂದು ಕೋಶಕ್ಕೂ 23 ಸೊಂಟ, 46 ಎಳೆ. ಎರಡನೇ ವಿಭಜನೆಯಲ್ಲಿ ಸೊಂಟ ಬಿಚ್ಚಿ ಅವಳಿ ಎಳೆಗಳು ಆಚೀಚೆ ಹೋಗುತ್ತವೆ. ಈಗ 23 ಸೊಂಟ, 23 ಎಳೆ. ವರ್ಣತಂತುಗಳ ಸಂಖ್ಯೆ 23ರಲ್ಲೇ ನಿಂತಿತು, ಡಿಎನ್‌ಎ ಪ್ರಮಾಣ ಮಾತ್ರ ಇನ್ನೊಮ್ಮೆ ಅರ್ಧವಾಯಿತು. ನಕಲು ಒಂದು ಸಲ, ಹಂಚಿಕೆ ಎರಡು ಸಲ. ಮಿಯಾಸಿಸ್‌ನ ಲೆಕ್ಕ ಇಷ್ಟೇ. ಮಾಮೂಲಿ ದೇಹಕೋಶದ ವಿಭಜನೆಯಲ್ಲಿ, ಅಂದರೆ ಮೈಟಾಸಿಸ್‌ನಲ್ಲಿ, ನಕಲು ಒಂದು ಸಲ, ಹಂಚಿಕೆಯೂ ಒಂದೇ ಸಲ. ಅಲ್ಲಿ ಜೋಡಿಗಳು ಒಂದರ ಪಕ್ಕ ಒಂದು ಬಂದು ನಿಲ್ಲುವುದೂ ಇಲ್ಲ, ಅದಕ್ಕೇ 46 ಇದ್ದಿದ್ದು 46 ಆಗಿಯೇ ಉಳಿಯುತ್ತದೆ.

ಬೋರ್ಡಿನ ಮೇಲೆ ಬರೆಯುವಾಗ ಅಮ್ಮನದಕ್ಕೆ ಒಂದು ಬಣ್ಣ, ಅಪ್ಪನದಕ್ಕೆ ಒಂದು ಬಣ್ಣದ ಸೀಮೆಸುಣ್ಣ ಬಳಸಿ. ಮೂರು ಜೋಡಿ ಬರೆದರೆ ಸಾಕು. ಮಕ್ಕಳ ಕೈಯಲ್ಲೇ ಸೊಂಟ ಎಣಿಸಿಸಿ.

ಪ್ರಶ್ನೆ: ನನ್ನ ಅಜ್ಜನ ಕಾಲದ ಒಂದು ಹಳೆಯ ಜೀವಶಾಸ್ತ್ರ ಪುಸ್ತಕದಲ್ಲಿ ಮನುಷ್ಯನಿಗೆ 48 ವರ್ಣತಂತು ಎಂದಿದೆ. ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ. ಇಡೀ ಲೋಕ ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ನಂಬಿತ್ತು.

1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ವೃಷಣದ ಅಂಗಾಂಶವನ್ನು ತೆಳುವಾಗಿ ಕೊಯ್ದು ಎಣಿಸಿ 48 ಎಂದು ತೀರ್ಮಾನಿಸಿದ. ಅವನನ್ನು ಹಳಿಯಬೇಡಿ. ಕೊಯ್ದ ಅಂಗಾಂಶದಲ್ಲಿ ವರ್ಣತಂತುಗಳು ಒಂದರ ಮೇಲೊಂದು ಬಿದ್ದು ನೂಲಿನ ಸಿಕ್ಕಿನ ಹಾಗೆ ಕಾಣುತ್ತವೆ. ಒಂದು ತುದಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ಹೇಳುವುದು ಬಹಳ ಕಷ್ಟ. ಆಮೇಲೆ ಬಂದವರೂ 48ನ್ನು ನಂಬಿಕೊಂಡೇ ಎಣಿಸಿದ್ದರಿಂದ 48ನ್ನೇ ಕಂಡರು.

ದಾರಿ ತೆರೆದದ್ದು ಎರಡು ಉಪಾಯಗಳಿಂದ. ಒಂದು, ಕೋಲ್ಚಿಸಿನ್ ಎಂಬ ಔಷಧ: ಇದು ವಿಭಜನೆಯನ್ನು ನಡುವಿನಲ್ಲೇ ನಿಲ್ಲಿಸುತ್ತದೆ, ವರ್ಣತಂತುಗಳು ಗಿಡ್ಡಗೆ ದಪ್ಪಗೆ ಆಗಿ ನಿಲ್ಲುತ್ತವೆ. ಇನ್ನೊಂದು, ಉಪ್ಪಿನಂಶ ಕಡಿಮೆ ಇರುವ ದ್ರಾವಣ. ಅದರಲ್ಲಿಟ್ಟರೆ ಜೀವಕೋಶ ನೀರು ಹೀರಿ ಉಬ್ಬಿ ಒಳಗಿನ ಸಿಕ್ಕು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಇವೆರಡನ್ನೂ ಬಳಸಿ ಸ್ವೀಡನ್‌ನ ಲುಂಡ್‌ನಲ್ಲಿ, 1955ರ ಡಿಸೆಂಬರ್ 22ರಂದು, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟಿಯೋ ಎಂಬ ವಿಜ್ಞಾನಿ ಕಣ್ಣಿಟ್ಟು ನೋಡಿದಾಗ ಕಂಡದ್ದು 46. ಮುಂದಿನ ವರ್ಷ ಆಲ್ಬರ್ಟ್ ಲೆವಾನ್ ಜೊತೆ ಸೇರಿ ಅದನ್ನು ಪ್ರಕಟಿಸಿದರು.

ನನಗೆ ತುಂಬಾ ಇಷ್ಟವಾಗುವುದು ಇದರ ನಂತರದ ಸಂಗತಿ. ಅವರು ಎಣಿಸಿದ್ದು ದೇಹಕೋಶ, ಭ್ರೂಣದ ಶ್ವಾಸಕೋಶದ್ದು. ಅದು ಸರಿಯೋ ಎಂದು ಪರಿಶೀಲಿಸಲು ಬ್ರಿಟನ್ನಿನ ಚಾರ್ಲ್ಸ್ ಫೋರ್ಡ್ ಮತ್ತು ಜಾನ್ ಹ್ಯಾಮರ್ಟನ್ ಅದೇ 1956ರಲ್ಲಿ ವೃಷಣದ ಕೋಶಗಳನ್ನು, ಮಿಯಾಸಿಸ್ ನಡೆಯುತ್ತಿರುವ ಹಂತದಲ್ಲಿ, ನೋಡಿದರು. ಜೋಡಿ ಜೋಡಿಯಾಗಿ ತಬ್ಬಿ ನಿಂತಿದ್ದವು, ಒಟ್ಟು 23 ಜೋಡಿ. ದೇಹಕೋಶದ ಲೆಕ್ಕಕ್ಕೆ ಸಾಕ್ಷಿ ಹೇಳಿದ್ದು ಲಿಂಗಾಣು ತಯಾರಾಗುವ ಕೋಶ. ಆ ಹಳೆಯ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಅಮ್ಮ ತೀರಿಕೊಂಡ ಮೇಲೆ ನನಗೆ ಮಗಳು ಹುಟ್ಟಿದಳು. ಅಜ್ಜಿಯನ್ನು ಅವಳು ನೋಡಲೇ ಇಲ್ಲ. ಅಪ್ಪನಾದ ನನ್ನಿಂದ ಅವಳಿಗೆ ಹೋಗಿದ್ದು 23 ವರ್ಣತಂತು ಮಾತ್ರ ಅಂದಿರಿ. ಅದರಲ್ಲಿ ನನ್ನ ಅಮ್ಮನದು ಎಷ್ಟಿರಬಹುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲೆಕ್ಕದ ಉತ್ತರ ಇದೆ, ಅದಕ್ಕಿಂತ ಒಳ್ಳೆಯದೂ ಒಂದಿದೆ.

ನಿಮ್ಮ ಪ್ರತಿ ಜೋಡಿಯಲ್ಲೂ ಒಂದು ನಿಮ್ಮ ಅಮ್ಮನದು, ಒಂದು ಅಪ್ಪನದು. ವೀರ್ಯಾಣು ತಯಾರಾಗುವಾಗ 1ನೇ ಜೋಡಿಯಿಂದ ಅಮ್ಮನದು ಹೋಗಬಹುದು, 2ನೇ ಜೋಡಿಯಿಂದ ಅಪ್ಪನದು ಹೋಗಬಹುದು. ಒಂದು ಜೋಡಿಯ ನಿರ್ಧಾರಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. 23 ಜೋಡಿಗೆ ಹೀಗೆ ಆಗುವ ಬೇರೆ ಬೇರೆ ಹೊಂದಾಣಿಕೆಗಳು 83,88,608. ಒಬ್ಬ ಮನುಷ್ಯನಿಂದಲೇ ಇಷ್ಟು ಬಗೆ!

ಅದರ ಮೇಲೆ ಇನ್ನೊಂದಿದೆ. ಬೇರೆಯಾಗುವ ಮುಂಚೆ ಜೋಡಿಗಳು ಒಂದಕ್ಕೊಂದು ತಬ್ಬಿಕೊಂಡು ನಿಲ್ಲುತ್ತವೆ ಅಂದೆನಲ್ಲ, ಆಗ ಅವು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ನಿಮ್ಮ ಅಮ್ಮನ ಒಂದು ತುಂಡು, ಅಪ್ಪನ ಒಂದು ತುಂಡು ಒಂದೇ ವರ್ಣತಂತುವಿನಲ್ಲಿ ಹೊಸದಾಗಿ ಹೊಲಿದ ಹಾಗೆ ಕೂಡುತ್ತವೆ. ಹಾಗಾಗಿ ನೀವು ಮಗಳಿಗೆ ಕೊಟ್ಟ 3ನೇ ವರ್ಣತಂತು ಅಂಥದ್ದೇ ನಿಮ್ಮಲ್ಲೂ ಇಲ್ಲ, ನಿಮ್ಮ ಅಮ್ಮನಲ್ಲೂ ಇರಲಿಲ್ಲ. ಒಟ್ಟಾರೆ ನಿಮ್ಮ ಮಗಳ ಡಿಎನ್‌ಎಯಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ನಿಮ್ಮ ಅಮ್ಮನದು. ಸರಿಯಾಗಿ ಕಾಲು ಅಲ್ಲ, ಸ್ವಲ್ಪ ಆಚೀಚೆ.

ಈಗ ನಾನು ಹೇಳಬೇಕೆಂದಿರುವುದು. ಗಂಡಸಾದ ನಿಮ್ಮಲ್ಲಿ ಎಕ್ಸ್ ಒಂದೇ ಇದೆ, ಅದು ನಿಮ್ಮ ಅಮ್ಮನಿಂದಲೇ ಬಂದಿದ್ದು, ಬೇರೆ ದಾರಿಯೇ ಇಲ್ಲ. ಅದರ ಜೋಡಿ ವೈ. ಆ ಎರಡೂ ತುದಿಯ ಸಣ್ಣ ಭಾಗ ಬಿಟ್ಟರೆ ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಅದಲು ಬದಲು ಆ ತುದಿಗಳಲ್ಲಿ ಮಾತ್ರ. ಮಗಳು ಹುಟ್ಟಬೇಕಾದರೆ ನಿಮ್ಮ ವೀರ್ಯಾಣುವಿನಲ್ಲಿ ಇದ್ದಿದ್ದು ಎಕ್ಸ್. ಅಂದರೆ ನಿಮ್ಮ ಅಮ್ಮ ನಿಮಗೆ ಕೊಟ್ಟ ಎಕ್ಸ್ ವರ್ಣತಂತು, ಆ ತುದಿಗಳ ಹೊರತು, ಹಾಗೇ ಇಡಿಯಾಗಿ ನಿಮ್ಮ ಮಗಳ ಒಂದೊಂದು ದೇಹಕೋಶದಲ್ಲೂ ಇದೆ. ಮಗ ಹುಟ್ಟಿದ್ದರೆ ಹೀಗೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಅಪ್ಪನ ಅಮ್ಮನಿಂದ ಮೊಮ್ಮಗಳಿಗೆ ಮಾತ್ರ ಸಿಗುವ ಕೊಡುಗೆ ಇದು.

ಪ್ರಶ್ನೆ: ನನಗೆ 26 ವರ್ಷ. ಮೊದಲ ಮಗು ಹೆಣ್ಣು, ಎಂಟು ತಿಂಗಳು. ಡೌನ್ ಸಿಂಡ್ರೋಮ್ ಎಂದು ಹೇಳಿದ್ದಾರೆ, 21ನೇ ವರ್ಣತಂತು ಮೂರು ಇವೆಯಂತೆ. ಬಸುರಿಯಾಗಿದ್ದಾಗ ನಾನು ಏನೋ ತಪ್ಪು ಮಾಡಿದ್ದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವೇ? ಮುಂದಿನ ಮಗುವಿಗೂ ಹೀಗಾಗುತ್ತದೆಯೇ?

ಉತ್ತರ: ತಂಗಿ, ಮೊದಲು ನೇರವಾಗಿ ಉತ್ತರ: ಅಲ್ಲ. ನೀನು ಬಸುರಿಯಾದ ಮೇಲೆ ಮಾಡಿದ ಯಾವ ಕೆಲಸದಿಂದಲೂ ಹೀಗಾಗಿಲ್ಲ. ಓಡಾಡಿದ್ದು, ಭಾರ ಎತ್ತಿದ್ದು, ಅತ್ತಿದ್ದು, ಯಾವುದೂ ಕಾರಣವಲ್ಲ. ಸಾಮಾನ್ಯವಾಗಿ ಆ ಮೂರನೇ ವರ್ಣತಂತು ಬರುವುದು ಗರ್ಭ ನಿಲ್ಲುವ ಮುಂಚೆ, ಲಿಂಗಾಣು ತಯಾರಾಗುವಾಗ. ಈ ಪುಟವನ್ನು ಮನೆಯವರ ಕೈಗೆ ಕೊಡು, ನಾನು ಅವರಿಗೂ ಹೇಳುತ್ತಿದ್ದೇನೆ.

ಏನಾಗುತ್ತದೆ ಅಂದರೆ, ಪ್ರತಿ ಜೋಡಿಯಿಂದ ಒಂದೊಂದು ಹೋಗಬೇಕಾದ ಕಡೆ 21ನೇ ಜೋಡಿ ಬಿಡಿಸಿಕೊಳ್ಳದೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. ಆ ಲಿಂಗಾಣುವಿನಲ್ಲಿ 23ರ ಬದಲು 24. ಇನ್ನೊಂದು ಕಡೆಯ 23 ಸೇರಿದಾಗ ಮಗುವಿಗೆ 47. ಇದನ್ನು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೇ, ರೇಮೊಂ ಟ್ಯುರ್ಪೆಂ ಪ್ರಕಟಿಸಿದರು. ಇಂಥ ಎಷ್ಟೋ ಮಕ್ಕಳ ಹಾಳೆಗಳನ್ನು ನಾನೇ ಜೋಡಿಸಿದ್ದೇನೆ. ಎಲ್ಲ ಜೋಡಿಗಳನ್ನೂ ಅಂಟಿಸಿ ಮುಗಿಸಿದಾಗ ಬೆರಳ ತುದಿಯಲ್ಲಿ ಒಂದು ಚೂರು ಉಳಿಯುತ್ತಿತ್ತು. 21 ಎಲ್ಲಕ್ಕಿಂತ ಪುಟ್ಟದು, ಪ್ರಿಂಟಿನಲ್ಲಿ ಒಂದು ಅಕ್ಕಿಕಾಳಿಗಿಂತ ದೊಡ್ಡದಿರುವುದಿಲ್ಲ. (ಉದ್ದದ ಪ್ರಕಾರ ಅದಕ್ಕೆ 22 ಎಂಬ ನಂಬರ್ ಸಿಗಬೇಕಿತ್ತು. ಅಳತೆ ಗೊತ್ತಾಗುವ ಹೊತ್ತಿಗೆ ಹಳೆಯ ನಂಬರೇ ಎಲ್ಲರ ಬಾಯಲ್ಲಿ ನಿಂತುಬಿಟ್ಟಿತ್ತು.) ಒಂದು ಜೀವಕೋಶ ನೋಡಿ ನಾವು ಎಂದೂ ಹೇಳುತ್ತಿರಲಿಲ್ಲ. ಇಪ್ಪತ್ತು ಕೋಶಗಳನ್ನಾದರೂ ಎಣಿಸಿದ ಮೇಲೇ ವರದಿ. ಆ ಉಳಿದ ಚೂರನ್ನು 21ರ ಪಕ್ಕ ಅಂಟಿಸುವಾಗ, ಈ ಸುದ್ದಿ ಇನ್ನೂ ಗೊತ್ತಿಲ್ಲದ ಒಬ್ಬ ತಾಯಿ ಎಲ್ಲೋ ಕೂತಿದ್ದಾಳೆ ಅನ್ನುವುದು ನನ್ನ ಮನಸ್ಸಿನಿಂದ ಒಂದು ದಿನವೂ ಹೋಗಲಿಲ್ಲ.

ಅಂಡಾಣುವಿನಲ್ಲೇ ಹೆಚ್ಚಾಗಿ ಹೀಗಾಗುತ್ತದೆ ಅನ್ನುವುದು ನಿಜ. ಅದನ್ನು ಮುಚ್ಚಿಡುವುದಿಲ್ಲ, ಯಾಕೆ ಅನ್ನುವುದನ್ನು ತಿಳಿದುಕೊಂಡರೆ ಯಾರನ್ನೂ ದೂರಲು ಆಗುವುದಿಲ್ಲ. ವೀರ್ಯಾಣು ತಯಾರಾಗುವುದಕ್ಕೆ ಶುರುವಿನಿಂದ ಕೊನೆಯವರೆಗೆ ಎರಡು ಎರಡೂವರೆ ತಿಂಗಳು ಸಾಕು. ಅಂಡಾಣುವಿನ ಕಥೆ ಬೇರೆ. ನೀನು ನಿನ್ನ ತಾಯಿಯ ಗರ್ಭದಲ್ಲಿ ಇದ್ದಾಗಲೇ ನಿನ್ನ ಅಂಡಾಣುಗಳೆಲ್ಲ ಮಿಯಾಸಿಸ್ ಶುರುಮಾಡಿ, ಜೋಡಿಗಳು ತಬ್ಬಿ, ತುಂಡು ಅದಲು ಬದಲು ಮಾಡಿಕೊಂಡು, ಅಲ್ಲಿಗೇ ನಿಂತುಬಿಟ್ಟವು. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಇರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಎಲ್ಲವೂ ಅದೇ ಸ್ಥಿತಿಯಲ್ಲಿ ಕಾಯುತ್ತಿರುತ್ತವೆ. ಮುಟ್ಟು ಶುರುವಾದ ಮೇಲೆ ತಿಂಗಳಿಗೆ ಸಾಮಾನ್ಯವಾಗಿ ಒಂದರ ಸರದಿ. ಅದು ಹೊರಬರುವ ಸ್ವಲ್ಪ ಮುಂಚೆ ಮೊದಲ ವಿಭಜನೆ ಮುಗಿಯುತ್ತದೆ, ಎರಡನೆಯದು ಮುಗಿಯುವುದು ವೀರ್ಯಾಣು ಒಳಗೆ ಬಂದ ಮೇಲೆ. ನಿನ್ನ ಮಗಳಾದ ಆ ಅಂಡಾಣು ನೀನು ಹುಟ್ಟುವ ಮುಂಚಿನಿಂದ, ಇಪ್ಪತ್ತೈದಕ್ಕೂ ಹೆಚ್ಚು ವರ್ಷ, ಜೋಡಿಗಳನ್ನು ಹಾಗೇ ಹಿಡಿದುಕೊಂಡು ಕಾದಿತ್ತು. ವರ್ಷ ಕಳೆದ ಹಾಗೆ ಆ ಹಿಡಿತದ ಪ್ರೋಟೀನು ಸವೆಯುತ್ತದೆ. ಅದಕ್ಕೇ ತಾಯಿಯ ವಯಸ್ಸು ಹೆಚ್ಚಾದಂತೆ ಸಾಧ್ಯತೆ ಏರುತ್ತದೆ: ಇಪ್ಪತ್ತರ ಹರೆಯದಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದು, ನಲವತ್ತರ ಹೊತ್ತಿಗೆ ಸುಮಾರು ನೂರರಲ್ಲಿ ಒಂದು. ಆದರೆ ಸಣ್ಣ ವಯಸ್ಸಿನಲ್ಲಿ ಆಗುವುದೇ ಇಲ್ಲ ಎಂದಲ್ಲ, ನಿನಗೆ ಆದಂತೆ ಆಗುತ್ತದೆ.

ಮುಂದಿನ ಮಗುವಿನ ವಿಚಾರ. ನಿನ್ನ ಮಗಳ ವರ್ಣತಂತು ವರದಿಯನ್ನು ತೆಗೆದು ನೋಡು. ಅದರಲ್ಲಿ 47, ಎಕ್ಸ್‌ಎಕ್ಸ್, +21 ಎಂದು ಇದ್ದರೆ ಅದು ನಾನು ಮೇಲೆ ಹೇಳಿದ ಬಗೆ. ಡೌನ್ ಸಿಂಡ್ರೋಮಿನಲ್ಲಿ ನೂರಕ್ಕೆ 95ರಷ್ಟು ಹೀಗೇ. ನಿನ್ನ ವಯಸ್ಸಿಗೆ ಅದು ಮತ್ತೆ ಆಗುವ ಸಾಧ್ಯತೆ ನೂರಕ್ಕೆ ಒಂದರ ಹತ್ತಿರ. ಒಂದು ವೇಳೆ ವರದಿಯಲ್ಲಿ ಒಟ್ಟು 46 ಎಂದೇ ಇದ್ದು, ಹೆಚ್ಚಿನ 21 ಇನ್ನೊಂದು ವರ್ಣತಂತುವಿಗೆ, ಉದಾಹರಣೆಗೆ 14ಕ್ಕೆ, ಅಂಟಿಕೊಂಡಿದೆ ಎಂದಿದ್ದರೆ ಮಾತ್ರ ನೀನೂ ನಿನ್ನ ಗಂಡನೂ ಇಬ್ಬರೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸಬೇಕು. ಹೀಗೆ ಎರಡು ವರ್ಣತಂತು ಒಂದಕ್ಕೊಂದು ಅಂಟಿಕೊಂಡು ಒಟ್ಟು 45 ಇರುವವರು ಸಾವಿರದಲ್ಲಿ ಒಬ್ಬರಾದರೂ ಇರುತ್ತಾರೆ. ಅವರು ಪೂರ್ತಿ ಆರೋಗ್ಯವಾಗಿರುತ್ತಾರೆ, ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಲಿಂಗಾಣು ತಯಾರಾಗುವಾಗ ಜೋಡಿ ಬಿಡಿಸುವುದು ಅವರಲ್ಲಿ ತೊಡಕಾಗುತ್ತದೆ. ಆಗ ಅನುವಂಶೀಯ ಸಲಹೆ ಕೊಡುವ ವೈದ್ಯರನ್ನು ಕಂಡು ಮಾತಾಡುವುದು ಅಗತ್ಯ.

ಮಗುವಿನ ಹೃದಯ, ಥೈರಾಯ್ಡ್, ಕಿವಿ, ಕಣ್ಣು ಇವಿಷ್ಟನ್ನೂ ತಪಾಸಣೆ ಮಾಡಿಸಿದ್ದೀಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸು. ಇನ್ನೊಂದು ಪತ್ರ ಬರಿ, ಮಗುವಿನ ಹೆಸರನ್ನೂ ಬರಿ.

ಪ್ರಶ್ನೆ: ಜೇನು ಸಾಕುತ್ತೇನೆ. ಗಂಡುಜೇನಿಗೆ ಅಪ್ಪ ಇಲ್ಲ ಎನ್ನುತ್ತಾರೆ. ಹಾಗಾದರೆ ಅದರ ವರ್ಣತಂತು ಲೆಕ್ಕ ಹೇಗೆ?

ಉತ್ತರ: ಕೇಳಿದ್ದು ನಿಜ. ರಾಣಿ ಮತ್ತು ಕೆಲಸಗಾರ ಜೇನುಗಳ ದೇಹಕೋಶದಲ್ಲಿ 32. ರಾಣಿಯ ಮೊಟ್ಟೆಯಲ್ಲಿ 16. ಆ ಮೊಟ್ಟೆ ಫಲಿತವಾಗದೆ ಬೆಳೆದರೆ ಗಂಡುಜೇನು. ಆದ್ದರಿಂದ ಅದರ ದೇಹಕೋಶದಲ್ಲೂ 16 ಮಾತ್ರ, ಒಂದೇ ಸೆಟ್. ಅದರಲ್ಲಿ ಜೋಡಿಯೇ ಇಲ್ಲ, ಆದ್ದರಿಂದ ಅರ್ಧ ಮಾಡುವುದಕ್ಕೂ ಏನೂ ಇಲ್ಲ. ವೀರ್ಯಾಣು ತಯಾರಾಗುವಾಗ ಸಂಖ್ಯೆ ಇಳಿಸುವ ವಿಭಜನೆ ಶುರುವಾದ ಹಾಗೆ ಮಾಡಿ ನಿಂತುಹೋಗುತ್ತದೆ, 16 ಇದ್ದಿದ್ದು 16 ಆಗಿಯೇ ಹೋಗುತ್ತದೆ. ಲಿಂಗಾಣುವಿನಲ್ಲಿ ದೇಹಕೋಶದ ಅರ್ಧ ಎಂಬ ಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ, ಒಂದು ಪೂರ್ತಿ ಸೆಟ್ ಎಂಬ ಮಾತು ಕೆಲಸ ಮಾಡುತ್ತದೆ. ಒಂದು ಗಂಡುಜೇನಿನ ವೀರ್ಯಾಣುಗಳೆಲ್ಲ ಒಂದೇ ಅಚ್ಚು ಅನ್ನುವುದೂ ಇದರಿಂದಲೇ.

ಪ್ರಶ್ನೆ: ಹೇಸರಗತ್ತೆಗೆ ಮರಿ ಆಗದಿರುವುದು ಅದರ ವರ್ಣತಂತು ಸಂಖ್ಯೆ ಬೆಸ ಆಗಿರುವುದರಿಂದ ಎಂದು ಓದಿದೆ. ಸರಿಯೇ?

ಉತ್ತರ: ಅರ್ಧ ಸರಿ. ಕುದುರೆಗೆ 64, ಕತ್ತೆಗೆ 62. ಲಿಂಗಾಣುಗಳಿಂದ 32 ಮತ್ತು 31 ಬಂದು ಹೇಸರಗತ್ತೆಗೆ 63. ದೇಹ ಬೆಳೆಯುವುದಕ್ಕೆ ಇದರಿಂದ ತೊಂದರೆಯಿಲ್ಲ, ಮೈಟಾಸಿಸ್‌ಗೆ ಜೋಡಿ ಬೇಕಿಲ್ಲ. ಅದು ಎಷ್ಟು ಗಟ್ಟಿಮುಟ್ಟಾದ ಪ್ರಾಣಿ ನೋಡಿ. ಮಿಯಾಸಿಸ್ ಹತ್ತಿರ ಬಂದಾಗ ಕುದುರೆಯ ವರ್ಣತಂತು ಕತ್ತೆಯ ವರ್ಣತಂತುವಿನಲ್ಲಿ ತನ್ನ ಜೋಡಿ ಹುಡುಕಬೇಕು, ಅವು ಬಹಳಷ್ಟು ಕಡೆ ಹೊಂದುವುದೇ ಇಲ್ಲ. ಕೆಲಸ ಅಲ್ಲಿ ಕೆಡುತ್ತದೆ.

ಬೆಸ ಸಂಖ್ಯೆಯೇ ಅಡ್ಡಿಯಾಗಿದ್ದರೆ ಪ್ರಜೆವಾಲ್‌ಸ್ಕಿ ಎಂಬ ಕಾಡುಕುದುರೆಯ ವಿಷಯ ಹೇಗೆ? ಅದಕ್ಕೆ 66. ಸಾಕು ಕುದುರೆಯ ಜೊತೆ ಕೂಡಿದರೆ ಮರಿಗೆ 65, ಅದೂ ಬೆಸವೇ. ಆ ಮರಿಗೆ ಮುಂದೆ ಮರಿಗಳಾಗುತ್ತವೆ, ಯಾಕೆಂದರೆ ಎರಡರ ವರ್ಣತಂತುಗಳು ಒಂದನ್ನೊಂದು ಗುರುತು ಹಿಡಿಯುವಷ್ಟು ಹತ್ತಿರದವು. ಕಾಡುಕುರಿ (ಬೊಗಳುವ ಜಿಂಕೆ) ನೋಡಿ: ಹೆಣ್ಣಿಗೆ 6, ಗಂಡಿಗೆ 7. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಇರುವ ಪ್ರಾಣಿ ಕಂಡಿಲ್ಲ. ಹೆಣ್ಣಿನ ಅಂಡಾಣುವಿನಲ್ಲಿ 3. ಗಂಡಿನ ವೀರ್ಯಾಣುವಿನಲ್ಲಿ ಕೆಲವಕ್ಕೆ 3, ಕೆಲವಕ್ಕೆ 4. ಮೂರು ಬಂದರೆ ಹೆಣ್ಣುಮರಿ, ನಾಲ್ಕು ಬಂದರೆ ಗಂಡುಮರಿ. ಬೆಸ ಸಂಖ್ಯೆ ಇಟ್ಟುಕೊಂಡೇ ಅವು ಸಾವಿರಾರು ತಲೆಮಾರು ಬಾಳಿವೆ.

ಪ್ರಶ್ನೆ: ದೇಹದ ಎಲ್ಲ ಜೀವಕೋಶಗಳಲ್ಲೂ 46 ಇರುತ್ತವೆಯೇ?

ಉತ್ತರ: ಇಲ್ಲ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹಾಗಾಗಿ ಸೊನ್ನೆ. ವರ್ಣತಂತು ಪರೀಕ್ಷೆಗೆ ರಕ್ತ ತೆಗೆದುಕೊಂಡರೂ ನಾವು ಬೆಳೆಸುವುದು ಬಿಳಿ ರಕ್ತಕಣವನ್ನು. ಯಕೃತ್ತಿನ ಕೆಲವು ಕೋಶಗಳಲ್ಲಿ 92 ಇರುತ್ತವೆ, ಅದು ಕಾಯಿಲೆಯಲ್ಲ.

ಪ್ರಶ್ನೆ: ಜೋಡಿಗಳು ತಬ್ಬಿಕೊಂಡು ನಿಲ್ಲುವುದನ್ನು ನಾವೇ ಕಣ್ಣಾರೆ ನೋಡಬಹುದೇ? ಕಾಲೇಜಿನ ಲ್ಯಾಬ್ ಇದೆ. (ಬಿಎಸ್ಸಿ ಓದುತ್ತಿರುವ ಮೂವರು)

ಉತ್ತರ: ಖಂಡಿತ. ಈರುಳ್ಳಿ ಬೇರಿನ ತುದಿ ನೋಡಿರುತ್ತೀರಿ, ಅಲ್ಲಿ ಕಾಣುವುದು ಮೈಟಾಸಿಸ್, 16 ವರ್ಣತಂತು ಬಿಡಿಬಿಡಿ. ನಿಮಗೆ ಬೇಕಾಗಿರುವುದು ಗಂಡು ಮಿಡತೆಯ ವೃಷಣ. ಪ್ರಾಣಿಯನ್ನು ಬಳಸುವ ಮುನ್ನ ನಿಮ್ಮ ಅಧ್ಯಾಪಕರ ಒಪ್ಪಿಗೆ ಪಡೆಯಿರಿ, ಒಂದೇ ಮಿಡತೆ ಮೂವರಿಗೂ ಸಾಕು, ಅಥವಾ ವಿಭಾಗದಲ್ಲಿ ಹಳೆಯ ಸ್ಲೈಡ್ ಇದ್ದರೆ ಅದನ್ನೇ ನೋಡಿ. ಸಣ್ಣ ಸಣ್ಣ ನಾಳಗಳು ಗೊಂಚಲಾಗಿ, ಮೇಲೆ ಹಳದಿ ಕೊಬ್ಬು ಮೆತ್ತಿಕೊಂಡು ಕಾಣುತ್ತವೆ. ಕೊಬ್ಬು ಬಿಡಿಸಿ, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಇಟ್ಟು, ಎರಡೇ ಎರಡು ನಾಳವನ್ನು ಸ್ಲೈಡಿನ ಮೇಲೆ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದ ಹನಿಯಲ್ಲಿ ಹಾಕಿ. ಕವರ್ ಸ್ಲಿಪ್ ಇಟ್ಟು, ಮೇಲೆ ಫಿಲ್ಟರ್ ಪೇಪರ್ ಇಟ್ಟು, ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಕವರ್ ಸ್ಲಿಪ್ ಪಕ್ಕಕ್ಕೆ ಜಾರಿದರೆ ಎಲ್ಲ ಸುರುಟಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು.

ಸಾಮಾನ್ಯ ಜಾತಿಯ ಗಿಡ್ಡ ಮೀಸೆಯ ಮಿಡತೆಗಳಲ್ಲಿ ಹೆಣ್ಣಿಗೆ 24, ಗಂಡಿಗೆ 23 ವರ್ಣತಂತು. ಗಂಡಿಗೆ ಎಕ್ಸ್ ಒಂದೇ, ವೈ ಇಲ್ಲವೇ ಇಲ್ಲ. ಕೆಂಪಗೆ ಹಿಡಿದ ಕೋಶಗಳಲ್ಲಿ ಹುಡುಕುತ್ತಾ ಹೋಗಿ. ಒಂದು ಕಡೆ ಉಂಗುರದ ಹಾಗೆ, ಶಿಲುಬೆಯ ಹಾಗೆ, ಎಂಟರ ಅಂಕಿಯ ಹಾಗೆ ಆಕಾರಗಳು ಸಿಗುತ್ತವೆ. ಒಂದೊಂದು ಆಕಾರವೂ ಒಂದೊಂದು ಜೋಡಿ. ಶಿಲುಬೆಯ ಹಾಗೆ ಕಾಣುವಲ್ಲಿ ಎರಡು ಗೆರೆ ಕೂಡುವ ಜಾಗವಿದೆಯಲ್ಲ, ತುಂಡು ಅದಲು ಬದಲಾಗಿರುವುದು ಅಲ್ಲೇ. ಜೋಡಿಗಳನ್ನು ಎಣಿಸಿ, 11 ಬರಬೇಕು. ಆಮೇಲೆ ಅವುಗಳ ಪಕ್ಕದಲ್ಲಿ ಜೋಡಿಯಿಲ್ಲದೆ ಒಂದೇ ಒಂದು ಕಡ್ಡಿ ನಿಂತಿರುತ್ತದೆ. ಅದು ಎಕ್ಸ್. ವಿಭಜನೆಯಾದಾಗ ಅದು ಒಂದು ಕಡೆಗೆ ಮಾತ್ರ ಹೋಗುತ್ತದೆ, ಆ ಕಡೆಯ ವೀರ್ಯಾಣುವಿಗೆ 12, ಇನ್ನೊಂದು ಕಡೆಯದಕ್ಕೆ 11. ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳಿ, ಮೂವರೂ ಬೇರೆ ಬೇರೆಯಾಗಿ ಎಣಿಸಿ, ಎಣಿಸಿದ್ದನ್ನು ಒಬ್ಬರಿಗೊಬ್ಬರು ಹೇಳದೆ ಮೊದಲು ಬರೆದಿಡಿ. ಮೂರೂ ಚಿತ್ರಗಳನ್ನು ನನಗೆ ಕಳಿಸಿ.